ನಾಲ್ಕು ಸಾಲಿನ ಜಾಗ

(1/10)

ಫೋಟೊದಲ್ಲಿ ಇರೋದು ಒಂದು ಪೇಪರ್ ಕಟಿಂಗ್. ಹೆಸರು, ಮುಖ ಎಲ್ಲ ಬ್ಲರ್ ಮಾಡಿದೀನಿ. ಯಾವ ಪೇಪರ್ ಅಂತ ಕೇಳ್ಬೇಡಿ, ಹೇಳಲ್ಲ. ಒಬ್ಬರನ್ನ ಬಯ್ಯೋಕೆ ಬರೀತಾ ಇಲ್ಲ. ಕಾರವಾರ, ಅಂಕೋಲಾ ಕಡೆ ಬರೋ ಯಾವ ಪೇಪರ್ ತೆಗೆದ್ರೂ ಕ್ರೀಡಾಕೂಟದ ಸೀಸನ್‌ನಲ್ಲಿ ಇಂಥದ್ದೊಂದು ಸಿಕ್ಕೇ ಸಿಗತ್ತೆ.

ಹೆಡ್ಡಿಂಗ್: ತಾಲ್ಲೂಕು ಮಟ್ಟದ ಪ್ರೌಢಶಾಲೆಗಳ ಕ್ರೀಡಾಕೂಟಕ್ಕೆ ಚಾಲನೆ. ಕೆಳಗೆ ದೊಡ್ಡ ಫೋಟೊ. ವೇದಿಕೆ, ಫ್ಲೆಕ್ಸ್, ದೀಪ, ದೀಪದ ಸುತ್ತ ಒಂಬತ್ತು ಜನ ದೊಡ್ಡೋರು. ಎಡಗಡೆ ಮೂಲೆಯಲ್ಲಿ ಒಂದು ಕೈ ಕಾಣತ್ತೆ, ಕ್ರೀಡಾಜ್ಯೋತಿ ಹಿಡ್ಕೊಂಡಿರೋ ಕೈ. ಆ ಕೈ ಯಾರದ್ದೋ ಹುಡುಗಂದು. ಮುಖ ಫ್ರೇಮಿನಿಂದ ಆಚೆ ಹೋಗಿದೆ.

ನಾನು ಸ್ಕೇಲ್ ಹಿಡಿದು ಅಳೆದೆ. ಫೋಟೊ ಮೂರು ಕಾಲಂ ಅಗಲ, 10 ಸೆಂಟಿಮೀಟರ್ ಎತ್ತರ. ಕೆಳಗಿನ ಸುದ್ದಿ ಪೂರ್ತಿ ಎಣಿಸಿದೆ, 104 ಪದ. ಅದರಲ್ಲಿ 70 ಪದ ವೇದಿಕೆ ಮೇಲಿದ್ದವರ ಹೆಸರು ಮತ್ತು ಹುದ್ದೆ. ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕು ಅನ್ನೋ ಭಾಷಣಕ್ಕೆ ಎರಡು ಸಾಲು. ಕೊನೆಯಲ್ಲಿ ಸ್ವಾಗತ, ನಿರೂಪಣೆ, ವಂದನಾರ್ಪಣೆ. ಆಮೇಲೆ ಒಂದು ಸಾಲು: ವಿವಿಧ ಶಾಲೆಗಳ ವಿದ್ಯಾರ್ಥಿಗಳು ಪಾಲ್ಗೊಂಡಿದ್ದರು.

ಆ ಕೊನೇ ಸಾಲು ಇದೆಯಲ್ಲ, ಅದು ನಾವು. ಓಡಿದವರು, ಜಿಗಿದವರು, ಮಳೆ ನೀರು ನಿಂತ ಅಂಕಣದಲ್ಲಿ ಕಬಡ್ಡಿ ಆಡಿ ಮೊಣಕಾಲು ಸುಲಿಸಿಕೊಂಡವರು, ಎಲ್ಲರೂ ಸೇರಿ ನಾಲ್ಕು ಪದ.

ಸೋತವರ, ಗೆದ್ದವರ ಹೆಸರು ಸೊನ್ನೆ.

ಹತ್ತು ಪೋಸ್ಟ್ ಆಗತ್ತೆ, ಪೂರ್ತಿ ಓದಿ. ಇನ್‌ಸ್ಟಾ ಒಂದು ಕ್ಯಾಪ್ಶನ್‌ಗೆ 2200 ಅಕ್ಷರ ಅಷ್ಟೇ ಕೊಡೋದು. ಜಾಗದ ಸಮಸ್ಯೆ ಎಂತದು ಅಂತ ನನಗೂ ಗೊತ್ತು.

(2/10)

ನನ್ನ ಒಬ್ಬಳು ಗೆಳತಿ ಇದ್ದಾಳೆ. ನಾವು ಅವಳನ್ನ 'ಎಂಟುನೂರು' ಅಂತಲೇ ಕರೆಯೋದು, ಯಾಕಂದ್ರೆ 800 ಮೀಟರ್ ಓಡ್ತಿದ್ಲು. ಈ ಸರಣಿಯಲ್ಲಿ ನಿಜ ಹೆಸರು ಬೇಡ ಅಂದಿದಾಳೆ. "ಪೇಪರಲ್ಲಿ ಬರೋದು ಬೇರೆ, ನಿನ್ನ ಇನ್‌ಸ್ಟಾದಲ್ಲಿ ಬರೋದು ಬೇರೆ ಮಾರಾಯ್ತಿ" ಅಂದ್ಲು. ಆ ಮಾತು ಯಾಕೆ ಸರಿ ಅಂತ ಮುಂದೆ ಹೇಳ್ತೀನಿ.

ನಾವು ಒಂಬತ್ತನೇ ಕ್ಲಾಸಲ್ಲಿದ್ದಾಗಿನ ತಾಲ್ಲೂಕು ಕೂಟ. ಆಗಸ್ಟ್ ಕೊನೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಜಡಿಮಳೆ. ಸುಣ್ಣದ ಗೆರೆ ಎಲ್ಲ ತೊಳೆದು ಹೋಗಿತ್ತು. ಸಂಜೆ ನಾಲ್ಕೂವರೆಗೆ ಅವಳ ಫೈನಲ್. ಶೂ ಒದ್ದೆಯಾಗಿ ಭಾರ ಆಗಿತ್ತು ಅಂತ ಬರಿಗಾಲಲ್ಲಿ ಓಡಿದ್ಲು. ಮೊದಲ ಸುತ್ತಿನಲ್ಲಿ ನಾಲ್ಕನೇಯವಳು, ಕೊನೇ ತಿರುವಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ಲು. ನಮ್ಮ ಪಿ.ಇ. ಸರ್ ಕೊಡೆ ಬಿಸಾಕಿ ಪಕ್ಕದಲ್ಲೇ ಓಡಿದ್ರು.

ಅಷ್ಟೊತ್ತಿಗೆ ವೇದಿಕೆ ಮೇಲಿನ ಕುರ್ಚಿ ಖಾಲಿ.

ಎರಡು ದಿನ ಬಿಟ್ಟು ಪೇಪರ್ ಬಂತು. ಅವಳ ಅಪ್ಪ ಬೋಟಿಗೆ ಹೋಗೋರು, ಮನೇಲಿ ಇರಲಿಲ್ಲ. ಅಜ್ಜಿಗೆ ಓದೋಕೆ ಬರಲ್ಲ. ಪೇಪರ್ ತರಿಸಿ ನನ್ನ ಕೈಗೆ ಕೊಟ್ಟು, "ಓದು ನೋಡ್ವಾ" ಅಂದ್ರು. ನಾನು ಓದಿದೆ. ಮುಗೀತು. "ನಮ್ಮ ಹುಡ್ಗಿ ಹೆಸರು ಎಲ್ಲಿ?" ಅಂದ್ರು. ಮತ್ತೊಂದ್ಸಲ ಓದಿದೆ, ನಿಧಾನಕ್ಕೆ, ಎಲ್ಲಾದ್ರೂ ಬಿಟ್ಟೆನೋ ಏನೋ ಅಂತ. ಕೊನೆಗೆ, "ವಿದ್ಯಾರ್ಥಿಗಳು ಅಂತ ಇದೆ ಅಜ್ಜಿ, ಅದರಲ್ಲಿ ಅವಳೂ ಇದ್ದಾಳೆ" ಅಂದೆ.

ಅಜ್ಜಿ ಏನೂ ಅನ್ನಲಿಲ್ಲ. ಪೇಪರ್ ಮಡಚಿ ಇಟ್ರು. ಮಾರನೇ ದಿನ ಅದರಲ್ಲಿ ಒಣಮೀನು ಕಟ್ಟಿದ್ರು.

ಜಿಲ್ಲಾ ಮಟ್ಟಕ್ಕೆ ಅವಳು ಹೋಗಲಿಲ್ಲ.

(3/10)

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಪೇಪರಲ್ಲಿ ಹೆಸರು ಬರದೇ ಇದ್ದಿದ್ದಕ್ಕೆ ಅವಳು ಹೋಗಲಿಲ್ಲ ಅಂತ ನಾನು ಹೇಳಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಅಪ್ಪ ಮನೆಗೆ ಬರೋದೇ ಅಪರೂಪ. ಬೇರೆ ತಾಲ್ಲೂಕಿಗೆ ಜತೆಗೆ ಹೋಗೋರು ಯಾರೂ ಇರಲಿಲ್ಲ. ಶಾಲೆಯಿಂದ ಲೇಡಿ ಟೀಚರ್ ಬರ್ತಾರೋ ಇಲ್ವೋ ಅಂತ ಕೊನೇವರೆಗೂ ಗೊತ್ತಿರಲಿಲ್ಲ. ಮನೇಲಿ "ಯಾಕೆ ಸುಮ್ಮನೆ" ಅಂದ್ರು.

ಆ 'ಸುಮ್ಮನೆ' ಅನ್ನೋ ಪದ ನನ್ನ ತಲೆಯಲ್ಲಿ ಉಳ್ಕೊಂಡಿದೆ. ಅವಳು ತಾಲ್ಲೂಕಿಗೇ ಫಸ್ಟ್ ಬಂದಿದ್ದು ಊರಲ್ಲಿ ಹತ್ತು ಜನಕ್ಕೆ ಗೊತ್ತಿದ್ರೆ, ಮೀನು ಮಾರ್ಕೆಟಲ್ಲಿ ಯಾರಾದ್ರೂ ಅಜ್ಜಿಯನ್ನ ನಿಲ್ಲಿಸಿ ಮಾತಾಡಿಸಿದ್ರೆ, 'ಸುಮ್ಮನೆ' ಅನ್ನೋದು ಅಷ್ಟು ಸುಲಭ ಆಗ್ತಿತ್ತಾ?

"ಇನ್‌ಸ್ಟಾದಲ್ಲಿ ಹಾಕಿದ್ರೆ ಸಾಕಿತ್ತಲ್ವಾ?" ಅಂತ ನೀವು ಕೇಳ್ತೀರಿ. ಹಾಕಿದ್ವಿ. ಸ್ಟೋರಿ 24 ಗಂಟೆಗೆ ಮಾಯ ಆಯ್ತು. ನೋಡಿದವರೆಲ್ಲ ನಾವೇ. ನಮ್ಮಲ್ಲಿ ಯಾರೂ ಅವಳನ್ನ ಜಿಲ್ಲಾ ಮಟ್ಟಕ್ಕೆ ಕಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡೋರಲ್ಲ. ತೀರ್ಮಾನ ಮಾಡೋರು ಅಪ್ಪ, ಅಜ್ಜಿ, ಮಾವ. ಅವರು ಚಾದಂಗಡಿಯಲ್ಲಿ, ಸೊಸೈಟಿಯಲ್ಲಿ, ಸಲೂನಲ್ಲಿ ಪೇಪರ್ ಓದ್ತಾರೆ, ಇಲ್ಲಾ ಯಾರೋ ಓದಿದ್ದನ್ನ ಕೇಳ್ತಾರೆ. ನಾವು ಹಾಕಿದ್ದು ನಮ್ಮ ಮಾತು, ಪೇಪರಲ್ಲಿ ಬಂದಿದ್ದು ಊರ ಮಾತು. ಎಂಟುನೂರು "ಅದು ಬೇರೆ, ಇದು ಬೇರೆ" ಅಂದಿದ್ದು ಇದಕ್ಕೇ.

ಅದಕ್ಕೇ ಸಣ್ಣ ಪತ್ರಿಕೆಗಳ ಜಾಗ ಯಾರಿಗೆ ಹೋಗತ್ತೆ ಅನ್ನೋದು ನನಗೆ ಮುಖ್ಯ ಅನಿಸತ್ತೆ.

(4/10)

ಮೊದಲು ಪೇಪರ್ ಹೇಗೆ ತುಂಬತ್ತೆ ಅಂತ ನೋಡೋಣ. ನನಗೂ ಮೊದಲು ಗೊತ್ತಿರಲಿಲ್ಲ.

ನಮ್ಮ ಕಡೆ ಎರಡು ಥರ ಪೇಪರ್ ಬರತ್ತೆ. ಒಂದು, ಜಿಲ್ಲೆಯಲ್ಲೇ ಹುಟ್ಟಿದವು. ಕಾರವಾರದ ಕರಾವಳಿ ಮುಂಜಾವು, ಶಿರಸಿಯ ಲೋಕಧ್ವನಿ ಥರದ್ದು. ಇನ್ನೊಂದು, ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬರೋ ರಾಜ್ಯಮಟ್ಟದ ಪೇಪರ್‌ಗಳು. ಅವುಗಳಲ್ಲಿ ಉತ್ತರ ಕನ್ನಡಕ್ಕೆ ಅಂತ ಒಂದೆರಡು ಪುಟ ಇರತ್ತೆ. ಜಿಲ್ಲೆಯಲ್ಲಿ ಈಗ 12 ತಾಲ್ಲೂಕು. ಹಂಚಿ ನೋಡಿ.

ದೊಡ್ಡ ಹಾಳೆಯನ್ನ ಒಂದ್ಸಲ ಮಡಚಿದ್ರೆ ನಾಲ್ಕು ಪುಟ. ಹಾಗಾಗಿ ಪೇಪರ್ ಸಾಮಾನ್ಯವಾಗಿ 4, 8, 12 ಹೀಗೆ ಬೆಳೆಯೋದು. ಇವತ್ತು ಸುದ್ದಿ ಜಾಸ್ತಿ ಇದೆ ಅಂತ ಅರ್ಧ ಪುಟ ಸೇರಿಸೋಕೆ ಆಗಲ್ಲ. ಪುಟದಲ್ಲಿ ಮೊದಲು ಕೂರೋದು ಜಾಹೀರಾತು. ಸರ್ಕಾರದ ಪ್ರಕಟಣೆ, ಟೆಂಡರ್, ಕೋರ್ಟ್ ನೋಟಿಸ್, ಶ್ರದ್ಧಾಂಜಲಿ, ಹುಟ್ಟುಹಬ್ಬದ ಶುಭಾಶಯ. ಸಣ್ಣ ಪೇಪರ್ ಬದುಕೋದು ಇದರಿಂದ. ಒಂದು ಪ್ರತಿ ಮಾರಿದ ದುಡ್ಡಲ್ಲಿ ಕಾಗದ, ಅಚ್ಚು, ಏಜೆಂಟ್ ಕಮಿಷನ್ ಎಲ್ಲ ಹುಟ್ಟಲ್ಲ. ಜಾಹೀರಾತು ಕೂತ ಮೇಲೆ ಉಳಿದ ಜಾಗ ಸುದ್ದಿಗೆ. ಅದರಲ್ಲಿ ಅಪಘಾತ, ಪಂಚಾಯ್ತಿ, ಮಳೆ, ಬಂದರು, ದೇವಸ್ಥಾನ, ಯಕ್ಷಗಾನ ಎಲ್ಲ ಬರಬೇಕು.

ಕ್ರೀಡಾಪುಟ ಬೇರೆ ಇದೆಯಲ್ಲ ಅಂದ್ರೆ, ಅದು ಏಜೆನ್ಸಿಯಿಂದ ಬರೋ ಸುದ್ದಿ. ಕ್ರಿಕೆಟ್, ಟೆನಿಸ್, ಫುಟ್‌ಬಾಲ್. ತಾಲ್ಲೂಕು ಕೂಟ ಆ ಪುಟಕ್ಕೆ ಹೋಗೋದೇ ಇಲ್ಲ, ಸ್ಥಳೀಯ ಪುಟದಲ್ಲೇ ಜಾಗ ಹುಡುಕಬೇಕು.

"ಐಪಿಎಲ್ ಎಲ್ಲ ತಿಂದು ಹಾಕತ್ತೆ" ಅಂತ ತುಂಬಾ ಜನ ಹೇಳ್ತಾರೆ. ತಪ್ಪು ಲೆಕ್ಕ. ಐಪಿಎಲ್ ಬೇಸಿಗೆಯದ್ದು. ನಮ್ಮ ಶಾಲಾ ಕೂಟಗಳು ಮಳೆಗಾಲದಲ್ಲಿ ಶುರುವಾಗಿ ದೀಪಾವಳಿ ಹೊತ್ತಿಗೆ ಮುಗಿಯೋದು. ಆಗ ನಮ್ಮ ಜಾಗ ತಿನ್ನೋದು ಕೊಹ್ಲಿ ಅಲ್ಲ. ನಮ್ಮದೇ ಕೂಟದ ವೇದಿಕೆ ತಿನ್ನತ್ತೆ.

(5/10)

ಇದನ್ನ ನನಗೆ ಅರ್ಥ ಮಾಡಿಸಿದ್ದು ಒಬ್ಬರು ವರದಿಗಾರರು. ಆಯಿಗೆ ಪರಿಚಯ ಇದ್ದೋರು, ಎರಡು ಮೂರು ಪೇಪರ್‌ಗೆ ಬರೀತಾರೆ. ಸಿಟ್ಟಲ್ಲೇ ಹೋಗಿದ್ದೆ, ಕಟಿಂಗ್ ಹಿಡ್ಕೊಂಡು. ಅವರು ಚಾ ತರಿಸಿದ್ರು.

"ತಂಗಿ, ಉದ್ಘಾಟನೆ ಎಷ್ಟೊತ್ತಿಗೆ?"

"ಹತ್ತಕ್ಕೆ ಅಂತ ಹಾಕಿದ್ರು, ಹನ್ನೊಂದಕ್ಕೆ ಆಯ್ತು."

"ನಿನ್ನ ಫ್ರೆಂಡ್ ಓಡಿದ್ದು?"

"ನಾಲ್ಕೂವರೆ."

"ನಾನು ಹನ್ನೊಂದೂವರೆಗೆ ಅಲ್ಲಿಂದ ಹೊರಟೆ. ಹೈವೇಲಿ ಲಾರಿ ಪಲ್ಟಿ ಆಗಿತ್ತು. ಆಮೇಲೆ ಪಂಚಾಯ್ತಿ ಮೀಟಿಂಗ್. ಸಂಜೆ ಆರಕ್ಕೆ ಕೂತು ಏಳು ಸುದ್ದಿ ಟೈಪ್ ಮಾಡಿ ಕಳಿಸಿದೆ. ನನಗೆ ಸಂಬಳ ಇಲ್ಲ ತಂಗಿ. ಸುದ್ದಿಗೆ ಇಷ್ಟು ಅಂತ ಬರತ್ತೆ, ಅದು ಬೈಕಿನ ಪೆಟ್ರೋಲಿಗೆ ಸರಿ. ಜಾಹೀರಾತು ಹಿಡಿದ್ರೆ ಕಮಿಷನ್."

ನಾನು ಸುಮ್ಮನಾದೆ.

ಅವರು ಫೋನ್ ತೆಗೆದು ತೋರಿಸಿದ್ರು. ಆ ದಿನ ಕೂಟದ ಆಯೋಜಕರಿಂದ ವಾಟ್ಸಾಪಲ್ಲಿ ಬಂದ ಪ್ರೆಸ್‌ನೋಟ್. ಅದರಲ್ಲಿ 70 ಪದದ ಹೆಸರು, ಹುದ್ದೆ ಎಲ್ಲ ಕ್ರಮವಾಗಿ ಇತ್ತು. ಒಬ್ಬರ ಹೆಸರು ಬಿಟ್ಟು ಹೋಗಿದೆ ಅಂತ ಹತ್ತು ನಿಮಿಷಕ್ಕೆ ಇನ್ನೊಂದು ಮೆಸೇಜ್. ಫಲಿತಾಂಶ ಇರಲಿಲ್ಲ. ಸಂಜೆಯೂ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ.

"ಬಂದಿದ್ದನ್ನ ಹಾಕಿದೀನಿ. ಬರದೇ ಇದ್ದಿದ್ದನ್ನ ಎಲ್ಲಿಂದ ತರಲಿ?"

ಮನೆಗೆ ಬರುವಾಗ ನನ್ನ ಸಿಟ್ಟು ಇತ್ತು, ಆದರೆ ಅದರ ದಿಕ್ಕು ಬದಲಾಗಿತ್ತು. ಜಾಗ ಹಂಚೋದು ಪೇಪರ್ ಆಫೀಸಲ್ಲಿ ಅಂದ್ಕೊಂಡಿದ್ದೆ. ಅರ್ಧಕ್ಕರ್ಧ ಹಂಚಿಕೆ ಮೈದಾನದಲ್ಲೇ, ಪ್ರೆಸ್‌ನೋಟ್ ಬರೆಯೋ ಹೊತ್ತಿಗೇ ಮುಗಿದಿರತ್ತೆ.

(6/10)

ಆದರೂ ಪತ್ರಿಕೆಗಳನ್ನ ಪೂರ್ತಿ ಬಿಟ್ಟು ಬಿಡಲ್ಲ ನಾನು.

ವರದಿಗಾರರಿಗೆ ಟೈಮ್ ಇಲ್ಲ, ಒಪ್ಪಿದೆ. ಆದರೆ ಡೆಸ್ಕಲ್ಲಿ ಕೂತವರು ಪ್ರೆಸ್‌ನೋಟ್ ಎಡಿಟ್ ಮಾಡ್ತಾರಲ್ಲ? ಒಂಬತ್ತು ಹೆಸರಿನಲ್ಲಿ ಆರು ತೆಗೆದ್ರೆ ಯಾರು ಕೇಳ್ತಾರೆ? ಕೇಳ್ತಾರೆ, ಅದೇ ಸಮಸ್ಯೆ. ವೇದಿಕೆ ಮೇಲಿದ್ದವರ ಹೆಸರು ಬಿಟ್ರೆ ಬೆಳಿಗ್ಗೆ ಏಳಕ್ಕೆ ಫೋನ್ ಬರತ್ತೆ. ಅವರೇ ನಾಳೆ ಹಬ್ಬಕ್ಕೆ ಜಾಹೀರಾತು ಕೊಡೋರು. ಒಂಬತ್ತನೇ ಕ್ಲಾಸಿನ ಹುಡುಗಿ ಹೆಸರು ಬಿಟ್ರೆ ಯಾರೂ ಫೋನ್ ಮಾಡಲ್ಲ. ಜಾಗ ಯಾವಾಗಲೂ ಫೋನ್ ಮಾಡೋರ ಕಡೆಗೇ ಜಾರತ್ತೆ.

ಗೆದ್ದ ಸುದ್ದಿ ಬಂದಾಗಲೂ ನೋಡಿ. 'ಶಾಲೆಗೆ ಕೀರ್ತಿ ತಂದಿದ್ದಾರೆ. ಇವರ ಸಾಧನೆಗೆ ಆಡಳಿತ ಮಂಡಳಿ, ಮುಖ್ಯಾಧ್ಯಾಪಕರು, ಶಿಕ್ಷಕ ವೃಂದ, ಪಾಲಕರು ಅಭಿನಂದಿಸಿದ್ದಾರೆ.' ಈ ಸಾಲು ನಿಮಗೂ ಬಾಯಿಪಾಠ. ಎಷ್ಟು ದೂರ ಎಸೆದ, ಎಷ್ಟು ಸೆಕೆಂಡಿಗೆ ಓಡಿದ್ಲು, ಫೈನಲ್ಲಿ ಸ್ಕೋರ್ ಎಷ್ಟು, ಎದುರಾಳಿ ಯಾರು? ಇರಲ್ಲ. ಅಭಿನಂದಿಸಿದವರ ಪಟ್ಟಿ ಮಾತ್ರ ಇರತ್ತೆ.

ಇನ್ನೊಂದು. ಊರೂರಿನ ಟೆನಿಸ್‌ಬಾಲ್ ಕ್ರಿಕೆಟ್ ಟೂರ್ನಿಗೆ ಟ್ರೋಫಿ ಫೋಟೊ ಬರತ್ತೆ, ಪ್ರಾಯೋಜಕರು ಇರ್ತಾರಲ್ಲ. ಹುಡುಗಿಯರ ಖೋಖೋ, ಥ್ರೋಬಾಲ್‌ಗೆ ಪ್ರಾಯೋಜಕರು ಇಲ್ಲ. 'ಬಾಲಕಿಯರ ವಿಭಾಗದಲ್ಲೂ ಪ್ರಥಮ' ಅಂತ ಕೊನೇಲಿ ಬಾಲ ಹಚ್ಚಿ ಬಿಡ್ತಾರೆ. ಆ 'ಲೂ' ಇದೆಯಲ್ಲ, ಅದು ನನಗೆ ಸಿಕ್ಕಾಪಟ್ಟೆ ಉರಿಯತ್ತೆ.

ಅಂದ್ರೆ ತಪ್ಪು ಎರಡೂ ಕಡೆ ಇದೆ. ಶಾಲೆಗಳು ಫಲಿತಾಂಶ ಕಳಿಸಲ್ಲ. ಪತ್ರಿಕೆಗಳು ಕೇಳಲ್ಲ. ನಡುವೆ ನಾವು 'ಪಾಲ್ಗೊಂಡಿದ್ದರು'.

(7/10)

ಹಾಗಾದ್ರೆ ಜಾಗ ಇಲ್ವಾ? ಲೆಕ್ಕ ಹಾಕೋಣ. ಲೆಕ್ಕದ ಸರ್ ನೋಡ್ತಿದ್ರೆ ಖುಷಿ ಪಡ್ತಾರೆ.

ಅಥ್ಲೆಟಿಕ್ಸ್ ಮಾತ್ರ ತಗೊಳ್ಳಿ. ಓಟ, ಜಿಗಿತ, ಎಸೆತ ಸೇರಿ 14 ವೈಯಕ್ತಿಕ ಸ್ಪರ್ಧೆ ಅಂತ ಇಟ್ಕೊಳ್ಳೋಣ. ಹುಡುಗರು, ಹುಡುಗಿಯರು ಸೇರಿ 28. ಮೊದಲ ಮೂರು ಸ್ಥಾನ, 84 ಹೆಸರು. ಒಂದು ಹೆಸರಿಗೆ ಒಂದು ಸಾಲು. ಕನ್ನಡಕ್ಕೆ ಒತ್ತಕ್ಷರ ಇದೆ, ಇಂಗ್ಲಿಷ್ ಥರ ಸಾಲುಗಳನ್ನ ಒತ್ತೊತ್ತಾಗಿ ಇಡೋಕಾಗಲ್ಲ. ಸಣ್ಣ ಅಕ್ಷರದಲ್ಲೂ ಸೆಂಟಿಮೀಟರಿಗೆ ಮೂರೇ ಸಾಲು ಅಂದುಕೊಳ್ಳಿ. 84 ಭಾಗಿಸು 3, ಅಂದ್ರೆ 28 ಕಾಲಂ ಸೆಂಟಿಮೀಟರ್. ದೀಪ ಹಚ್ಚೋ ಫೋಟೊ ಮೂರು ಕಾಲಂ, 10 ಸೆಂಟಿಮೀಟರ್, ಅಂದ್ರೆ 30. ಇಡೀ ತಾಲ್ಲೂಕಿನ ಗೆದ್ದ ಮಕ್ಕಳೆಲ್ಲ ಆ ಒಂದು ಫೋಟೊದ ಜಾಗದಲ್ಲಿ ಕೂರ್ತಾರೆ. ಮೇಲೆ ಎರಡು ಸೆಂಟಿಮೀಟರ್ ಹೆಡ್ಡಿಂಗಿಗೆ.

ಇಂಥ ಪಟ್ಟಿ ಹಾಕೋದು ನಮ್ಮ ಪೇಪರ್‌ಗಳಿಗೆ ಹೊಸದೇನಲ್ಲ. ಅಡಿಕೆ ಧಾರಣೆ ನೋಡಿ. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ. ಸಣ್ಣ ಅಕ್ಷರ, ಬಾಕ್ಸು, ಹೆಸರು, ಸಂಖ್ಯೆ. ಭಾಷಣ ಇಲ್ಲ, ಅಭಿನಂದನೆ ಇಲ್ಲ. ಘಟ್ಟದ ಮೇಲಿನ ಎಷ್ಟೋ ಮನೆಯಲ್ಲಿ ಪೇಪರ್ ಬಂದ ತಕ್ಷಣ ಮೊದಲು ನೋಡೋದು ಅದನ್ನೇ. ಕೋಕಾ ಅಡಿಕೆಗೆ ಸಿಗೋ ಒಂದು ಸಾಲು 800 ಮೀಟರಿಗೆ ಯಾಕೆ ಸಿಗಬಾರದು?

ಅಮೆರಿಕದ ಪೇಪರ್‌ಗಳಲ್ಲಿ ಇದಕ್ಕೇ ಒಂದು ಅಕ್ಷರ ಅಳತೆ ಇದೆ, 'ಅಗೇಟ್' ಅಂತಾರೆ. ಐದೂವರೆ ಪಾಯಿಂಟ್, ಒಂದು ಇಂಚಿಗೆ 14 ಸಾಲು. ಷೇರು ಬೆಲೆಗೂ ಆಟದ ಫಲಿತಾಂಶಕ್ಕೂ ಅದನ್ನೇ ಬಳಸ್ತಿದ್ರು. ಸಣ್ಣ ಊರಿನ ಪೇಪರ್‌ಗಳಲ್ಲಿ ಹೈಸ್ಕೂಲ್ ಆಟದ ಸ್ಕೋರುಗಳನ್ನ ಶಾಲೆಯವರೇ ಫೋನ್ ಮಾಡಿ ಹೇಳೋ ಪದ್ಧತಿ ಇತ್ತು. ಪೇಪರಿನವರು ಬರೆದುಕೊಂಡು ಆ ಸಣ್ಣ ಅಕ್ಷರದಲ್ಲಿ ಹಾಕೋರು.

ದೂರ ಯಾಕೆ, ನಮ್ಮ ಅಂಕೋಲೆಯ ದಿನಕರ ದೇಸಾಯಿ ಅವರನ್ನೇ ನೋಡಿ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನ ತೆರೆದವರು. ಜನಸೇವಕ ಅನ್ನೋ ವಾರಪತ್ರಿಕೆ ನಡೆಸಿದವರು. ಚುಟುಕಕ್ಕೆ ಹೆಸರಾದವರು. ಚುಟುಕ ಅಂದ್ರೆ ನಾಲ್ಕು ಸಾಲು. ನಾಲ್ಕು ಸಾಲಲ್ಲಿ ಒಬ್ಬ ಮಂತ್ರಿಯನ್ನ ನಗೆಪಾಟಲು ಮಾಡೋಕೆ ಆಗತ್ತೆ ಅಂದ್ರೆ, ಒಬ್ಬಳು ಹುಡುಗಿ ಓಡಿ ಗೆದ್ದಳು ಅಂತ ಹೇಳೋಕೆ ಆಗಲ್ವಾ?

(8/10)

ಇದರಿಂದ ಪೇಪರಿಗೆ ಎಂತ ಲಾಭ?

ವೇದಿಕೆ ಮೇಲಿದ್ದ ಒಂಬತ್ತು ಜನರ ಮನೆಗೆ ಪೇಪರ್ ಹೇಗೂ ಬರತ್ತೆ. 84 ಮಕ್ಕಳ ಮನೆಯಲ್ಲಿ ಎಷ್ಟೋ ಮನೆಗೆ ಬರಲ್ಲ. ಆ ದಿನ ಹೆಸರು ಇದೆ ಅಂತ ಗೊತ್ತಾದ್ರೆ ಕೊಂಡು ತರ್ತಾರೆ. ಒಂದಲ್ಲ, ಎರಡು ಮೂರು ತರ್ತಾರೆ. ಒಂದು ಕತ್ತರಿಸಿ ಇಡೋಕೆ, ಒಂದು ಸೋದರತ್ತೆಗೆ ಕಳಿಸೋಕೆ. ನಮ್ಮ ವಯಸ್ಸಿನವರು ಪೇಪರ್ ಓದಲ್ಲ ಅಂತ ಎಲ್ಲರೂ ಗೊಣಗ್ತಾರೆ. ಪೇಪರಲ್ಲಿ ನಮ್ಮ ಬಗ್ಗೆ ಏನಾದ್ರೂ ಇದ್ರೆ ತಾನೇ ಓದೋದು? ಪರೀಕ್ಷೆ ರಿಸಲ್ಟ್, ಡಿಸಿ ಮಳೆ ರಜೆ ಕೊಟ್ಟಿದ್ದು, ಇವೆರಡು ಬಿಟ್ರೆ ನಾವು ಸುದ್ದಿ ಆಗೋದು ಯಾವಾಗ?

ಇನ್ನೊಂದು ಲಾಭ ಊರಿಗೆ. ದಾಖಲೆ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಡಿ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನ ಆರಿಸಿ ಓಟದ ತರಬೇತಿ ಕೊಟ್ರು. ಆಗ ಕ್ರೀಡಾ ಖಾತೆ ಮಾರ್ಗರೆಟ್ ಆಳ್ವ ಅವರದ್ದು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿ ಅಂಥವರು ಅಲ್ಲಿಂದ ಬಂದ್ರು. 1993ರಲ್ಲಿ ಯೋಜನೆ ನಿಂತು ಹೋಯ್ತು. ಕಾಡಿನ ನಡುವಿನ ಹಳ್ಳಿಗಳಲ್ಲಿ ಓಡೋ ಮಕ್ಕಳು ಇದ್ದಾರೆ ಅಂತ ಹೊರಗಿನವರು ಹುಡುಕಿ ಬರಬೇಕಾಯ್ತು. ಹುಡುಕೋಕೆ ಬರೋರಿಗೆ ಮೊದಲು ಬೇಕಾಗೋದು ಹೆಸರು, ಊರು, ಟೈಮಿಂಗ್.

ನಮ್ಮ ಕೂಟದಲ್ಲಿ ಟೈಮಿಂಗ್ ಬರೆದೇ ಇರಲಿಲ್ಲ. ಯಾರು ಫಸ್ಟ್, ಯಾರು ಸೆಕೆಂಡ್ ಅಷ್ಟೇ. ಎಂಟುನೂರು ಎಷ್ಟು ನಿಮಿಷಕ್ಕೆ ಓಡಿದ್ಲು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಟೈಮಿಂಗ್ ಇದ್ದಿದ್ರೆ ಭಟ್ಕಳದ ಹುಡುಗಿ ಜತೆ, ಹೊನ್ನಾವರದ ಹುಡುಗಿ ಜತೆ ಹೋಲಿಸಿ ನೋಡಬಹುದಿತ್ತು. ಜಿಲ್ಲಾ ಮಟ್ಟಕ್ಕೆ ಹೋಗದೇ ಇದ್ರೂ ಅವಳು ಎಲ್ಲಿದ್ಲು ಅಂತ ಗೊತ್ತಾಗ್ತಿತ್ತು. ಪೇಪರಿನವರು ಪ್ರತಿ ಸಲ ಟೈಮಿಂಗ್ ಕೇಳಿದ್ರೆ, ಮೈದಾನದಲ್ಲಿ ಸ್ಟಾಪ್‌ವಾಚ್ ಒತ್ತೋರು ಹುಟ್ಕೋತಾರೆ.

ದೊಡ್ಡ ಪೇಪರ್‌ಗಳು ಕೊನೇಲಿ ಬರ್ತಾವೆ. ತುಳಸಿ ಗೌಡ ಅವರು 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡ ಮೇಲೆ ದಿಲ್ಲಿಗೆಲ್ಲ ಹೊನ್ನಳ್ಳಿ ಗೊತ್ತಾಯ್ತು. ಅದಕ್ಕಿಂತ ಮೊದಲೇ ನೋಡೋದು ಊರಿನ ಪೇಪರಿನ ಕೆಲಸ.

(9/10)

ಹತ್ತನೇ ಕ್ಲಾಸಲ್ಲಿ ನಾವು ಒಂದು ಕೆಲಸ ಮಾಡಿದ್ವಿ. ದೊಡ್ಡದೇನಲ್ಲ.

ಮೂರು ಜನ ಸೇರಿ ಒಂದು ನೋಟ್‌ಬುಕ್ ಮಾಡಿದ್ವಿ. ಒಬ್ಬಳು ಟ್ರ್ಯಾಕ್ ಹತ್ರ, ಒಬ್ಬ ಜಿಗಿತದ ಹತ್ರ, ನಾನು ರಿಪೋರ್ಟಿಂಗ್ ಟೇಬಲ್ ಹತ್ರ. ಸ್ಪರ್ಧೆ, ಹೆಸರು, ಶಾಲೆ, ಊರು, ಸಮಯ ಇಲ್ಲಾ ದೂರ. ಫೋನ್ ಶಾಲೆಗೆ ತರೋ ಹಾಗಿಲ್ಲ, ಪಿ.ಇ. ಸರ್ ಅವರ ಫೋನಿನ ಸ್ಟಾಪ್‌ವಾಚ್ ಕೊಟ್ರು. ಬೇರೆ ಶಾಲೆಯವರು ಮೊದಲು ನಕ್ಕರು. ಮಧ್ಯಾಹ್ನದ ಮೇಲೆ ಅವರೇ ಬಂದು "ನಮ್ಮ ಹುಡುಗನ ಹೆಸರಿನ ಸ್ಪೆಲ್ಲಿಂಗ್ ನೋಡಿ, 'ಣ' ಬೇಕು" ಅಂತ ಹೇಳಿ ಹೋದ್ರು.

ಸಂಜೆ ಆರೂಕಾಲಿಗೆ ಸರ್ ಫೋನಿನಿಂದ ಟೈಪ್ ಮಾಡಿ ಆ ವರದಿಗಾರರಿಗೆ ಕಳಿಸಿದ್ವಿ. ಸೀದಾ ಪಟ್ಟಿ, ಒಂದು ವಿಶೇಷಣ ಇಲ್ಲ. ಹೀಗೆ:

ಬಾಲಕಿಯರ 800 ಮೀ: 1. ಹೆಸರು (ಶಾಲೆ, ಊರು), ಸಮಯ. 2. ... 3. ...

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ದೀಪದ ಫೋಟೊ ಮಾತ್ರ ಬಂತು, ಯಥಾಪ್ರಕಾರ. ನಾವು "ಹೋಯ್ತು ಬಿಡು" ಅಂದ್ವಿ. ನಾಲ್ಕನೇ ದಿನ ಒಂದು ಪೇಪರಲ್ಲಿ ಬಂತು. ಪೂರ್ತಿ ಅಲ್ಲ. ಪ್ರಥಮ ಸ್ಥಾನದವರು ಮಾತ್ರ. ಟೈಮಿಂಗ್ ಎಲ್ಲ ತೆಗೆದಿದ್ರು. ಎರಡು ಹೆಸರು ತಪ್ಪು. ಜಾಗ ಅಳೆದೆ, ಹತ್ತು ಸೆಂಟಿಮೀಟರ್, ಒಂದೇ ಕಾಲಂ.

ಅದರಲ್ಲಿ ಎಂಟುನೂರು ಇರಲಿಲ್ಲ. ಆ ವರ್ಷ ಅವಳು ಓಡಲೇ ಇಲ್ಲ.

ಆದರೆ ಅವಳ ತಂಗಿ ಇದ್ಲು. ಎಂಟನೇ ಕ್ಲಾಸು, ಉದ್ದ ಜಿಗಿತ. ಪೇಪರ್ ತಗೊಂಡು ಹೋಗಿ ಅಜ್ಜಿಗೆ ಓದಿದೆ. ಹೆಸರು ಬಂದಾಗ ಅಜ್ಜಿ "ಅಲ್ಲೇ ನಿಲ್ಲು" ಅಂದ್ರು. ಮತ್ತೊಂದ್ಸಲ ಓದಿಸಿದ್ರು. ಆಮೇಲೆ ಆ ಹೆಸರಿನ ಮೇಲೆ ಬೆರಳಿಟ್ಟು, "ಇದಾ?" ಅಂದ್ರು. ಹೌದು ಅಜ್ಜಿ, ಅದೇ.

ಆ ತಂಗಿ ಜಿಲ್ಲಾ ಮಟ್ಟಕ್ಕೆ ಹೋದ್ಲು. ಜತೆಗೆ ಹೋಗಿದ್ದು ಯಾರು ಗೊತ್ತಾ? ಎಂಟುನೂರು. ಅಲ್ಲಿ ಅವಳು ಐದನೇ ಸ್ಥಾನ. ಪರವಾಗಿಲ್ಲ. ಹೋಗಿ ಬಂದ್ಲು.

(10/10)

ಕೊನೇದು. ನನ್ನ ಮಾತಿಗೆ ನನ್ನದೇ ಆಕ್ಷೇಪ.

2024ರ ಮಳೆಗಾಲ ನೆನಪಿದೆಯಲ್ಲ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸೀತು. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಗಂಗಾವಳಿಯಲ್ಲಿ ಹುಡುಕಾಟ ಸೆಪ್ಟೆಂಬರ್‌ವರೆಗೂ ನಡೀತು. ಆ ದಿನಗಳಲ್ಲಿ ಯಾರಾದ್ರೂ ಪೇಪರಿನವರ ಹತ್ರ ಹೋಗಿ ಖೋಖೋ ಫಲಿತಾಂಶಕ್ಕೆ ಜಾಗ ಕೊಡಿ ಅಂದ್ರೆ ತಪ್ಪಾಗ್ತಿತ್ತು. ನಮ್ಮ ಊರಿನ ವರದಿಗಾರರು ಮಳೆಯಲ್ಲಿ ನಿಂತು ಅದನ್ನ ಬರೆದ್ರು, ಬರೀಲೇಬೇಕಿತ್ತು. ಅಂಥ ದಿನ ನಾಲ್ಕು ಸಾಲೂ ಬೇಡ.

ಆದರೆ ಎಲ್ಲ ದಿನವೂ ಗುಡ್ಡ ಕುಸಿಯಲ್ಲ. ಮಾಮೂಲಿ ದಿನದ ಬಗ್ಗೆ ನಾನು ಕೇಳ್ತಿರೋದು.

ಪತ್ರಿಕೆಯವರಿಗೆ: ಕೂಟದ ಸೀಸನ್‌ನಲ್ಲಿ ದಿನಾ ಒಂದು ಬಾಕ್ಸ್ ಇಡಿ, ಅಡಿಕೆ ಧಾರಣೆ ಪಕ್ಕದಲ್ಲೇ ಇರಲಿ. ದೀಪದ ಫೋಟೊ ಮೂರು ಕಾಲಂ ಬದಲು ಎರಡು ಕಾಲಂ ಮಾಡಿ, ಉಳಿದ ಜಾಗ ಮಕ್ಕಳಿಗೆ ಕೊಡಿ. ಫಲಿತಾಂಶ ಇಲ್ಲದ ಪ್ರೆಸ್‌ನೋಟ್ ಬಂದ್ರೆ 'ಫಲಿತಾಂಶ ಎಲ್ಲಿ?' ಅಂತ ಒಂದು ಮೆಸೇಜ್ ಹಾಕಿ.

ಶಾಲೆಯವರಿಗೆ: ಅತಿಥಿಗಳ ಪಟ್ಟಿ ಮಾಡೋಕೆ ಒಬ್ಬ ಟೀಚರ್ ಇರ್ತಾರೆ. ಗೆದ್ದವರ ಪಟ್ಟಿಗೂ ಒಬ್ಬರು ಇರಲಿ. ಸಮಯ, ದೂರ ಬರೀರಿ.

ನಮಗೆ: ನೋಟ್‌ಬುಕ್ ಹಿಡೀರಿ. ಬೇರೆ ಶಾಲೆಯವರ ಹೆಸರೂ ಸರಿಯಾಗಿ ಬರೀರಿ, ಅದು ಮುಖ್ಯ. ನಮ್ಮ ಶಾಲೆಯದ್ದು ಮಾತ್ರ ಕಳಿಸಿದ್ರೆ ಅದು ಫಲಿತಾಂಶ ಅಲ್ಲ, ಪ್ರಚಾರ. ಹೆಸರು, ಶಾಲೆ, ಊರು ಸಾಕು. ಫೋನ್ ನಂಬರ್ ಬೇಡ. ಹುಡುಗಿಯರ ಫೋಟೊ ಕೇಳದೆ ಯಾರಿಗೂ ಕಳಿಸಬೇಡಿ. ಸಂಜೆ ಆರೂವರೆ ಒಳಗೆ ಕಳಿಸಿ, ತಡ ಆದ್ರೆ ಪುಟ ಮುಗಿದಿರತ್ತೆ. ಬರಲಿಲ್ಲ ಅಂದ್ರೆ ಮುಂದಿನ ಸಲ ಮತ್ತೆ ಕಳಿಸಿ. ಮತ್ತೆ ಬರಲಿಲ್ಲ ಅಂದ್ರೆ ಬೆಳಿಗ್ಗೆ ಏಳಕ್ಕೆ ನೀವೂ ಒಂದು ಫೋನ್ ಮಾಡಿ. ಮರ್ಯಾದೆಯಿಂದ ಮಾಡಿ. ಆ ಕಡೆ ಎತ್ತೋರಿಗೂ ನಿದ್ದೆ ಆಗಿರಲ್ಲ.

ಎಂಟುನೂರು ಈಗ ಪಿಯು ಓದ್ತಿದಾಳೆ. ಈ ಹತ್ತು ಪೋಸ್ಟ್ ಮೊದಲು ಅವಳಿಗೇ ತೋರಿಸಿದೆ. ಓದಿ, "ಇಷ್ಟುದ್ದ ಬರ್ದಿದ್ದೀಯಲ್ಲೇ, ನಾಲ್ಕು ಸಾಲು ಸಾಕು ಅಂತ ನೀನೇ ಹೇಳಿ" ಅಂದ್ಲು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಿಯು ಕೂಟದ ಡೇಟ್ ಬಂತಾ ಅಂತ ಕೇಳಿದ್ಲು.

ನಿಮ್ಮ ಮನೇಲಿ ಇಂಥ ಕಟಿಂಗ್ ಇದ್ರೆ, ಹೆಸರು ಇರೋದೋ ಇಲ್ಲದ್ದೋ, ಸ್ಕೇಲ್ ಇಟ್ಟು ಅಳೆದು ಕಮೆಂಟ್‌ನಲ್ಲಿ ಹೇಳಿ. ಎಷ್ಟು ಸೆಂಟಿಮೀಟರ್, ಅದರಲ್ಲಿ ಮಕ್ಕಳ ಹೆಸರು ಎಷ್ಟು. ನಿಮ್ಮ ಪಿ.ಇ. ಸರ್, ಮೇಡಮ್‌ಗೆ ಇದನ್ನ ಶೇರ್ ಮಾಡಿ.

#ನಾಲ್ಕುಸಾಲಿನಜಾಗ #ಕಾರವಾರ #ಅಂಕೋಲಾ #ಶಾಲಾಕ್ರೀಡಾಕೂಟ #ಫಲಿತಾಂಶಎಲ್ಲಿ